ಭರಚುಕ್ಕಿಗೆ ಹೊರಡುವ ಮುನ್ನ ಕಬಿನಿಯ ಸುದ್ದಿ ಕೇಳಿ

ಮೂಗೂರಿನಿಂದ ಬೆಳಗ್ಗೆ ಹೊರಟರೆ ಕೊಳ್ಳೇಗಾಲದ ದಾರಿಯಲ್ಲಿ ಸತ್ತೇಗಾಲ ದಾಟಿ, ಕಾಡಂಚಿನ ಭರಚುಕ್ಕಿ ಜಲಪಾತವನ್ನು ಕಣ್ತುಂಬ ನೋಡಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರಬಹುದು. ಟಿ.ನರಸೀಪುರ, ನಂಜನಗೂಡು ಸೀಮೆಯ ಕುಟುಂಬಗಳಿಗೆ ಇದಕ್ಕಿಂತ ಅನುಕೂಲವಾದ ಒಂದು ದಿನದ ಪ್ರವಾಸ ಸಿಗುವುದು ಕಷ್ಟ. ಆದರೆ ಇದಕ್ಕೆ ನಡೆಯುವ ಸಿದ್ಧತೆ ಮಾತ್ರ ಬಹುಪಾಲು ತಲೆಕೆಳಗು. ಭಾನುವಾರ ನೋಡುತ್ತೇವೆ, ಗಾಡಿ ಗೊತ್ತು ಮಾಡುತ್ತೇವೆ, ಚಿತ್ರಾನ್ನ ಮೊಸರನ್ನದ ಬುತ್ತಿ ಕಟ್ಟುತ್ತೇವೆ, ಹೊರಡುವ ಹೊತ್ತಿಗೆ ಒಮ್ಮೆ ಆಕಾಶದತ್ತ ಕಣ್ಣು ಹಾಯಿಸಿ, ಮೋಡವಿಲ್ಲ ಎಂದು ನಿಶ್ಚಿಂತರಾಗುತ್ತೇವೆ. ನೋಡಬೇಕಾದ್ದು ಈ ಆಕಾಶವನ್ನಲ್ಲ. ಭರಚುಕ್ಕಿಯಲ್ಲಿ ಬೀಳುವ ನೀರು ಎಲ್ಲಿಂದಲೋ ಬಂದ ಮಳೆಯದು, ಅದೂ ಎರಡು ಅಣೆಕಟ್ಟುಗಳ ಅಪ್ಪಣೆ ಪಡೆದು ಬಂದದ್ದು.

ಟಿ.ನರಸೀಪುರದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸಿನದು. ಅದರಲ್ಲೂ ದೊಡ್ಡ ಪಾಲು ಮುಂಗಾರಿಗೆ ಮೊದಲಿನ ಗುಡುಗು ಮಳೆ ಮತ್ತು ಸೆಪ್ಟೆಂಬರ್, ಅಕ್ಟೋಬರ್‌ನ ಮಳೆ. ಜುಲೈನಲ್ಲಿ ಇಲ್ಲಿ ಹೆಚ್ಚೆಂದರೆ ಗಾಳಿ, ತುಂತುರು. ಅದೇ ಜುಲೈನಲ್ಲಿ ಕಾವೇರಿಯ ಮೂಲದ ಭಾಗಮಂಡಲದಲ್ಲಿ, ಕಪಿಲೆ, ಅಂದರೆ ಕಬಿನಿ, ಹುಟ್ಟುವ ವಯನಾಡಿನಲ್ಲಿ ಹಗಲು ರಾತ್ರಿ ಸುರಿಯುತ್ತಿರುತ್ತದೆ. ಆ ಎರಡೂ ನೀರು ತಿರುಮಕೂಡಲಿನಲ್ಲಿ ಒಂದಾಗಿ, ತಲಕಾಡಿನ ಮಗ್ಗುಲಲ್ಲಿ ಹರಿದು, ಶಿವನಸಮುದ್ರದ ನಡುಗಡ್ಡೆಯಲ್ಲಿ ಮತ್ತೆ ಕವಲೊಡೆಯುತ್ತವೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ ಕವಲು ಭರಚುಕ್ಕಿ. ಹೀಗಾಗಿ ಮೂಗೂರಿನಲ್ಲಿ ಒಗೆದ ಬಟ್ಟೆ ಬಿಸಿಲಿಗೆ ಒಣಗುತ್ತಿರುವ ದಿನವೇ ಭರಚುಕ್ಕಿಯ ಬಂಡೆಗಳು ಮುಳುಗಬಹುದು. ನಂಜನಗೂಡಿನವರಿಗೆ ಇದು ಹೊಸತಲ್ಲ. 2018ರಲ್ಲಿ, 2019ರಲ್ಲಿ, 2024ರಲ್ಲಿ ಮಲ್ಲನಮೂಲೆ ಮಠದ ಬಳಿ ಕಪಿಲೆ ಹೆದ್ದಾರಿಗೇ ಏರಿದ್ದು ಊರಿನ ಮಳೆಯಿಂದಲ್ಲ.

ಇನ್ನು ಅಣೆಕಟ್ಟುಗಳು. ಕೆಆರ್‌ಎಸ್ ಸುಮಾರು 49 ಟಿಎಂಸಿ ಹಿಡಿಯುತ್ತದೆ. ಬೀಚನಹಳ್ಳಿಯ ಕಬಿನಿ ಜಲಾಶಯ ಹಿಡಿಯುವುದು ಸುಮಾರು 19 ಟಿಎಂಸಿ ಮಾತ್ರ. ಕಬಿನಿ ಚಿಕ್ಕದಾದ್ದರಿಂದ ಬೇಗ ತುಂಬುತ್ತದೆ, ತುಂಬಿದ ಮೇಲೆ ವಯನಾಡಿನಿಂದ ಬಂದಷ್ಟನ್ನೂ ಕೆಳಗೆ ಬಿಡದೆ ವಿಧಿಯಿಲ್ಲ. ಕೆಆರ್‌ಎಸ್ ತುಂಬುವವರೆಗೆ ಕಾವೇರಿ ತಡೆದು ಬರುತ್ತಾಳೆ, ತುಂಬಿದ ಮೇಲೆ ಒಟ್ಟಿಗೇ ಬರುತ್ತಾಳೆ: 2024ರ ಜುಲೈ ಕೊನೆಯಲ್ಲಿ ಅದರ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಈ ಎರಡು ಜಲಾಶಯಗಳ ಒಳಹರಿವು, ಹೊರಹರಿವು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತವೆ. ಆದರೆ ಅದನ್ನು ರೈತರ ಸುದ್ದಿ ಎಂದು ಪ್ರವಾಸಿಗರು ಬಿಟ್ಟುಬಿಡುತ್ತಾರೆ. ಬಿಟ್ಟ ನೀರು ಶಿವನಸಮುದ್ರ ಮುಟ್ಟಲು ಗಂಟೆಗಳೇ ಬೇಕಾಗುವುದರಿಂದ ನೆನ್ನೆಯ ಹೊರಹರಿವೇ ಇಂದಿನ ಜಲಪಾತ. ಒಂದು ದಿನದ ಅಂಕಿಗಿಂತ ಮೂರ್ನಾಲ್ಕು ದಿನದ ಏರಿಳಿತ ಮುಖ್ಯ. ಏರುತ್ತಿದ್ದರೆ ಕಾಯಿರಿ, ಉಬ್ಬರ ಇಳಿದು ಹೊಳೆ ಇನ್ನೂ ಮೈತುಂಬಿ ಹರಿಯುತ್ತಿರುವಾಗ ಹೊರಡಿ.

ದುಡಿಯುವ ಜನಕ್ಕೆ ಸಿಗುವುದೇ ಒಂದು ಭಾನುವಾರ, ಹೊಳೆಯ ಲೆಕ್ಕ ನೋಡುತ್ತ ಕೂತರೆ ಹೊರಡುವುದು ಯಾವಾಗ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಬೇಕಾಗಿರುವುದು ಭಾನುವಾರವನ್ನು ಬಿಡುವುದಲ್ಲ, ಭಾನುವಾರಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಆರಿಸಿದ ದಿನವೂ ನೀರು ಏರಿಬಿಟ್ಟರೆ ಪ್ರವಾಸ ಕೆಡಬೇಕಾಗಿಲ್ಲ. ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ಗಗನಚುಕ್ಕಿಯನ್ನು ಕಣಿವೆಯ ಈಚೆ ದೂರದಲ್ಲೇ ನಿಂತು ನೋಡಬಹುದು. ವಯಸ್ಸಾದವರಿಗೆ ಶಿವನಸಮುದ್ರದ ಮಧ್ಯರಂಗನ ದರ್ಶನವೂ ಆಗುತ್ತದೆ, ಅಲ್ಲಿಗೆ ಹೋಗುವ ರಸ್ತೆ ತೆರೆದಿದ್ದರೆ.

ಹೆಚ್ಚು ಅಪಾಯಕಾರಿ ವಾದ ಇನ್ನೊಂದಿದೆ: ನೀರು ಕಡಿಮೆಯಿದ್ದಾಗ ಹೋದರೆ ಮಕ್ಕಳು ಇಳಿದು ಆಡಬಹುದು ಎನ್ನುವುದು. ಬೇಸಿಗೆಯಲ್ಲಿ ಭರಚುಕ್ಕಿ ಕೆಲವೇ ಎಳೆಗಳಾಗಿ ಇಳಿಯುತ್ತದೆ, ನಿಜ. ಇರುವ ನೀರಿನಲ್ಲೂ ಒಂದು ಪಾಲು ವಿದ್ಯುತ್ತಿಗೆ ಹೋಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಡಲು ಶುರುವಾದ ಕೇಂದ್ರ ಇಲ್ಲಿಯದೇ. ಆದರೆ ಸಾವಿರಾರು ವರ್ಷ ರಭಸದಿಂದ ಬಿದ್ದ ನೀರು ಬುಡದ ಬಂಡೆಯಲ್ಲಿ ಕೊರೆದ ಮಡುಗಳು ನೀರು ಇಳಿದರೂ ಮುಚ್ಚಿಹೋಗುವುದಿಲ್ಲ. ಮೇಲೆ ಶಾಂತವಾಗಿ ಕಾಣುವ ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಜಾರಬಹುದು, ಪಾಚಿ ಕಟ್ಟಿದ ಕಲ್ಲು ಹಿಡಿತ ಕೊಡುವುದಿಲ್ಲ, ಈಜು ಬಲ್ಲವರೂ ಅಲ್ಲಿ ಸೋತಿದ್ದಾರೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಸಿನಗುಂಡಿಯಲ್ಲಿ ಯುವಕನೊಬ್ಬ ನೀರಿಗೆ ಬಿದ್ದು ಸತ್ತದ್ದು ಈಜಲು ಇಳಿದಾಗಲೂ ಅಲ್ಲ, ಅಂಚಿನ ಬಂಡೆಯ ಮೇಲೆ ನಿಂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದಾಗ. ಜಲಪಾತ ನೋಡುವುದಕ್ಕೆ, ಮೀಯುವುದಕ್ಕೆ ಅಲ್ಲ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿ ಹೊರಡಿಸಬೇಕು, ನೀರು ಕಂಡ ಮೇಲೆ ಯಾವ ಮಗುವೂ ಕೇಳುವುದಿಲ್ಲ.

ಕಾವಲು, ಬೇಲಿ, ಎಚ್ಚರಿಕೆ ಎಲ್ಲ ಸರ್ಕಾರದ ಕೆಲಸವಲ್ಲವೇ? ಹೌದು, ಅದರಲ್ಲಿ ರಿಯಾಯಿತಿ ಬೇಡ. ನೆರೆ ಹೆಚ್ಚಾದಾಗ ಪ್ರವೇಶ ನಿಲ್ಲಿಸುವುದುಂಟು. ಆದರೆ ನಿಷೇಧದ ಸುದ್ದಿ ಹೊರಟವರಿಗೆ ಮುಟ್ಟುವುದು ಎಷ್ಟೋ ಸಲ ಗೇಟಿನ ಮುಂದೆ. ಅಣೆಕಟ್ಟಿನ ಗೇಟು ಎತ್ತುವ ಮುನ್ನ ನದಿಪಾತ್ರದ ಹಳ್ಳಿಗಳಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಅದೇ ಮಾಹಿತಿಯನ್ನು ಪ್ರವಾಸಿಗರಿಗೂ ತಲುಪಿಸಲು ಹೊಸ ಇಲಾಖೆಯೇನೂ ಬೇಡ: ಕೆಆರ್‌ಎಸ್ ಮತ್ತು ಕಬಿನಿಯ ಅಂದಿನ ಹೊರಹರಿವನ್ನು ಟಿ.ನರಸೀಪುರ, ಕೊಳ್ಳೇಗಾಲದ ಬಸ್ ನಿಲ್ದಾಣಗಳಲ್ಲೂ ಭರಚುಕ್ಕಿಯ ಟಿಕೆಟ್ ಕಿಟಕಿಯ ಪಕ್ಕದಲ್ಲೂ ಬೆಳಗ್ಗೆ ಏಳಕ್ಕೆ ಒಂದು ಹಲಗೆಯ ಮೇಲೆ, ನೆನ್ನೆ ಮೊನ್ನೆಯ ಅಂಕಿಗಳ ಜೊತೆಗೆ, ದಪ್ಪ ಅಕ್ಷರದಲ್ಲಿ ಬರೆಸಿದರೆ ಸಾಕು.