ಬಿಸಿ ಆಹಾರವೂ ಪ್ಲಾಸ್ಟಿಕ್ ಪಾತ್ರೆಯೂ

ಇಡ್ಲಿಯ ತಟ್ಟೆಗೆ ಒದ್ದೆ ಬಟ್ಟೆಯನ್ನು ಹಾಸಿ, ಅದರ ಮೇಲೆ ಹಿಟ್ಟು ಹುಯ್ದು ಹಬೆಯಲ್ಲಿ ಬೇಯಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ಬಟ್ಟೆಯನ್ನು ಒಗೆಯಬೇಕು, ಒಣಗಿಸಬೇಕು. ಈ ತೊಡಕೇ ಬೇಡವೆಂದು ಕೆಲವು ಹೋಟೆಲುಗಳವರು ಅದರ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸತೊಡಗಿದರು. ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಈ ಸಂಗತಿ ಬಯಲಾಗಿ, 2025ರ ಫೆಬ್ರುವರಿಯಲ್ಲಿ ಸರ್ಕಾರವು ಈ ಪದ್ಧತಿಯನ್ನು ನಿಷೇಧಿಸುವುದಾಗಿ ಸಾರಿತು. ಹಾಳೆ ಕರಗಲಿಲ್ಲ, ಇಡ್ಲಿಗೆ ವಾಸನೆಯೂ ಹತ್ತಲಿಲ್ಲ. ಹಾಗಿದ್ದ ಮೇಲೆ ಕೆಡುಕು ಎಲ್ಲಿಂದ ಬಂತು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ ಆಗಿದೆ.

ಪ್ಲಾಸ್ಟಿಕ್ ಎಂಬುದು ಸಣ್ಣ ಅಣುಗಳನ್ನು ಸರದ ಮಣಿಗಳಂತೆ ಪೋಣಿಸಿದ ಬೃಹದಣುಗಳ ರಾಶಿ. ಈ ಸರಗಳು ಬಹು ಉದ್ದವಾದವು. ಅವು ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರಲಾರವು. ತೊಂದರೆ ಇರುವುದು ಸರಗಳ ನಡುವೆ ಬಿಡಿಯಾಗಿ ಉಳಿದ ವಸ್ತುಗಳಲ್ಲಿ: ಪೋಣಿಸದೆ ಉಳಿದ ಮಣಿಗಳು, ಬಣ್ಣಗಳು, ಗಡಸುತನವನ್ನು ಕಳೆಯಲು ಬೆರೆಸಿದ ದ್ರವ್ಯಗಳು ಇತ್ಯಾದಿ. ಇವನ್ನು ಯಾವ ಬಂಧವೂ ಬಿಗಿಯಾಗಿ ಹಿಡಿದಿಲ್ಲ. ಶಾಖ ಏರಿದಂತೆ ಸರಗಳು ಸಡಿಲಗೊಂಡು ಅಲುಗಾಡುತ್ತವೆ, ಬಿಡಿ ಅಣುಗಳು ಹೊರಕ್ಕೆ ಜಾರುತ್ತವೆ. ಪಕ್ಕದಲ್ಲಿ ಎಣ್ಣೆಯೋ ತುಪ್ಪವೋ ಇದ್ದರಂತೂ ಅವುಗಳಲ್ಲಿ ಹೆಚ್ಚಿನವು ಅದರಲ್ಲಿ ಸುಲಭವಾಗಿ ಕರಗುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಮ್ಮೆ ಬಿಸಿ ಸಾಂಬಾರು ಇಟ್ಟರೆ ಅರಿಸಿನದ ಹಳದಿ ಎಷ್ಟು ಉಜ್ಜಿದರೂ ಹೋಗದೆಂಬುದು ಗೃಹಿಣಿಯರಿಗೆಲ್ಲ ಗೊತ್ತು. ಬಣ್ಣವು ಡಬ್ಬಿಯ ಮೈಯೊಳಕ್ಕೇ ಇಳಿದಿರುತ್ತದೆ. ಒಳಕ್ಕೆ ಹೋಗುವ ದಾರಿ ಇದ್ದಲ್ಲಿ ಹೊರಕ್ಕೆ ಬರುವ ದಾರಿಯೂ ಇದ್ದೇ ಇರುತ್ತದೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ನೀರಿನ ಸೀಸೆಯ ಪೆಟ್ ಎಂಬುದು 70–80 ಡಿಗ್ರಿ ಸೆಂಟಿಗ್ರೇಡಿನಲ್ಲೇ ಮೆತ್ತಗಾಗುತ್ತದೆ. ತೆಳು ಚೀಲಗಳ ಪಾಲಿಥೀನು ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ; ಇಡ್ಲಿಯ ಹಬೆ 100 ಡಿಗ್ರಿ ಎಂಬುದನ್ನು ನೆನೆದರೆ ನಡುವಣ ಅಂತರ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ತಳದ ತ್ರಿಕೋನದಲ್ಲಿ 5 ಎಂಬ ಅಂಕೆಯುಳ್ಳ ಪಾಲಿಪ್ರೊಪಿಲೀನು ಸುಮಾರು 160 ಡಿಗ್ರಿಯವರೆಗೆ ತಾಳುತ್ತದೆ. ಮೈಕ್ರೋವೇವ್ ಒಲೆಗೆ ಯೋಗ್ಯವೆಂದು ಮಾರುವ ಡಬ್ಬಿಗಳಲ್ಲಿ ಬಹುಪಾಲು ಇದರವೇ. ಆದರೆ ಆ ಮಾತಿನ ಮುಖ್ಯಾರ್ಥ ಪಾತ್ರೆ ಸೊಟ್ಟಗಾಗದು, ಕರಗದು ಎಂದು. ಅದರಿಂದ ಏನೂ ಹೊರಬೀಳದು ಎಂದಲ್ಲ. ನಮ್ಮ ದೇಶದ 2018ರ ನಿಯಮಗಳೂ ಒಂದು ಕಿಲೋಗ್ರಾಮ್ ಆಹಾರಕ್ಕೆ ಪ್ಲಾಸ್ಟಿಕ್ಕಿನಿಂದ ಒಟ್ಟು 60 ಮಿಲಿಗ್ರಾಮಿನವರೆಗೆ ವಸ್ತು ಇಳಿಯುವುದನ್ನು ಒಪ್ಪುತ್ತವೆ.

ಈ ಬಿಡಿ ಅಣುಗಳಲ್ಲಿ ಅತ್ಯಂತ ಕುಖ್ಯಾತವಾದುದು ಬಿಸ್ಫಿನಾಲ್ ಎ. ಅದು ಸ್ತ್ರೀ ಹಾರ್ಮೋನಿನಂತೆ ವರ್ತಿಸುವುದೆಂದು ಇಂಗ್ಲೆಂಡಿನ ಡಾಡ್ಸ್ ಮತ್ತು ಲಾಸನ್ 1936ರಲ್ಲೇ ತೋರಿಸಿದ್ದರು. ಆದರೂ 1950ರ ದಶಕದಲ್ಲಿ ಅದರಿಂದಲೇ ಪಾಲಿಕಾರ್ಬೊನೇಟ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕನ್ನು ನಿರ್ಮಿಸಿದರು. ಮುಂದೆ ಹಸುಗೂಸಿನ ಹಾಲಿನ ಸೀಸೆಗಳೂ ಅದರಿಂದಾದವು! 1998ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರಿಷಿಯ ಹಂಟ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ಅಂಡಾಣುಗಳು ಇದ್ದಕ್ಕಿದ್ದಂತೆ ವಿಕಾರಗೊಂಡುವು. ಕಾರಣವನ್ನು ಹುಡುಕಿದಾಗ ತಿಳಿದುದೇನು? ಪಾಲಿಕಾರ್ಬೊನೇಟಿನ ಗೂಡುಗಳನ್ನು ತಪ್ಪಾಗಿ ಕಟುವಾದ ಮಾರ್ಜಕದಿಂದ ತೊಳೆದಿದ್ದರು. ಸವೆದ ಗೂಡುಗಳಿಂದ ಬಿಸ್ಫಿನಾಲ್ ಒಸರುತ್ತಿತ್ತು. ಇಂಥ ಸೀಸೆಗೆ ಕುದಿನೀರು ಹುಯ್ದರೆ ಒಸರುವ ವೇಗ ತಣ್ಣೀರಿಗಿಂತ 55 ಪಟ್ಟಿನವರೆಗೆ ಏರುವುದೆಂದು 2008ರಲ್ಲಿ ಸಿನ್ಸಿನಾಟಿಯ ಸಂಶೋಧಕರು ಅಳೆದರು. 2011ರಲ್ಲಿ ಐರೋಪ್ಯ ಒಕ್ಕೂಟವು ಹಾಲಿನ ಸೀಸೆಗಳಲ್ಲಿ ಅದನ್ನು ನಿಷೇಧಿಸಿತು.

ಹಾಗಾದರೆ ಎಷ್ಟು ಸೇವಿಸಿದರೆ ಅಪಾಯ? ಇಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ದೇಹದ ತೂಕದ ಕಿಲೋಗ್ರಾಮಿಗೆ ದಿನವೊಂದಕ್ಕೆ 4 ಮೈಕ್ರೊಗ್ರಾಮ್ ಎಂದಿದ್ದ ಮಿತಿಯನ್ನು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ 0.2 ನ್ಯಾನೊಗ್ರಾಮಿಗೆ, ಎಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿತು. ಜರ್ಮನಿಯ ಸಂಸ್ಥೆ ಇದನ್ನು ಒಪ್ಪದೆ 200 ನ್ಯಾನೊಗ್ರಾಮ್ ಎಂದಿತು. ಎರಡೂ ಹಳೆಯ ಮಿತಿಗಿಂತ ಕಡಮೆಯೇ ಎಂಬುದನ್ನು ಓದುಗರು ಗಮನಿಸಬೇಕು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟವು ಆಹಾರ ತಗಲುವ ಪದಾರ್ಥಗಳಲ್ಲೆಲ್ಲ ಇದನ್ನು ಬಳಸಬಾರದೆಂದು ವಿಧಿಸಿತು. ಕೆಲವು ವಿನಾಯಿತಿಗಳೂ ಗಡುವುಗಳೂ ಅದಕ್ಕುಂಟು.

ಬಿಸ್ಫಿನಾಲ್ ಇಲ್ಲದ ಡಬ್ಬಿಯಾದರೆ ಚಿಂತೆಯೇ ಇಲ್ಲವೆನ್ನುವಂತಿಲ್ಲ. ಪ್ಲಾಸ್ಟಿಕ್ ಡಬ್ಬಿಗಳನ್ನು ಮೈಕ್ರೋವೇವ್ ಒಲೆಯಲ್ಲಿ 3 ನಿಮಿಷ ಕಾಯಿಸಿದಾಗ ಕೆಲವುಗಳ ಒಂದು ಚದರ ಸೆಂಟಿಮೀಟರಿನಿಂದ 40 ಲಕ್ಷಕ್ಕೂ ಮಿಕ್ಕ ಸೂಕ್ಷ್ಮ ಕಣಗಳೂ 200 ಕೋಟಿಗೂ ಮಿಕ್ಕ ಅತಿಸೂಕ್ಷ್ಮ ಕಣಗಳೂ ಉದುರಿದುವೆಂದು 2023ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದವರು ಪ್ರಕಟಿಸಿದರು. ಸಂಖ್ಯೆಯನ್ನು ಕೇಳಿದೊಡನೆ ಎದೆ ನಡುಗಬೇಕಾಗಿಲ್ಲ. ಕಣಗಳು ಅತ್ಯಂತ ಕಿರಿಯವಾದ್ದರಿಂದ ಅವುಗಳ ಒಟ್ಟು ತೂಕ ಅಲ್ಪ, ಮನುಷ್ಯನ ದೇಹಕ್ಕೆ ಅವು ಮಾಡುವ ಹಾನಿಯೂ ಇನ್ನೂ ಸಿದ್ಧಪಟ್ಟಿಲ್ಲ.

ನೀರಿರುವ ಪದಾರ್ಥವು 100 ಡಿಗ್ರಿಯನ್ನು ಮೀರದು, ಎಣ್ಣೆ ಮತ್ತು ಸಕ್ಕರೆ ಮೀರುತ್ತವೆ. ಮೈಕ್ರೋವೇವ್ ಒಲೆಯಲ್ಲಿ ಡಬ್ಬಿಯ ಅಂಚು ಸುಟ್ಟು ಗುಳಿ ಬೀಳುವುದು ಒಗ್ಗರಣೆ ತೇಲುವ ಮಟ್ಟದಲ್ಲೇ. ಆದುದರಿಂದ ಸಾರನ್ನೋ ಪಲ್ಯವನ್ನೋ ಗಾಜಿನ ಇಲ್ಲವೆ ಪಿಂಗಾಣಿಯ ಬಟ್ಟಲಿಗೆ ಬಗ್ಗಿಸಿ ಕಾಯಿಸುವುದು ಲೇಸು. ಸ್ಟೀಲಿನ ಪಾತ್ರೆ ಆ ಒಲೆಗೆ ಸಲ್ಲದು, ಆದರೆ ಹೋಟೆಲಿನಿಂದ ಕುದಿಯುವ ಸಾಂಬಾರು ತರುವುದಕ್ಕೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಗೀರು ಬಿದ್ದು ಮಾಸಿದ ಹಳೆಯ ಡಬ್ಬಿಗಳನ್ನು ಬೇಳೆಯೋ ಗುಂಡಿಗಳೋ ತುಂಬಿಡಲು ಉಪಯೋಗಿಸಬಹುದು.