ನಿಂತು ತಿನ್ನುವ, ಕೂತು ಉಣ್ಣುವ ಪಲೆರ್ಮೊ

ಬಲ್ಲಾರೋ ಸಂತೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಸಿಸಿಲಿ ದ್ವೀಪದ ರಾಜಧಾನಿ ಪಲೆರ್ಮೊದ ಹಳೆಯ ಓಣಿಗಳಲ್ಲಿ ಬೆಳಗಿನ ಹೊತ್ತು ಮೀನಿನವನೊಬ್ಬ ರಾಗ ಎಳೆಯುತ್ತಾನೆ. ಅದು ಮುಗಿಯುವುದಕ್ಕೆ ಬಿಡದೆ ಎದುರಿನ ತರಕಾರಿಯವನು ಇನ್ನೊಂದು ಸ್ವರ ಏರಿಸುತ್ತಾನೆ. ಹೀಗೆ ಹಾಡಿದಂತೆ ಕೂಗಿ ಮಾರುವುದನ್ನು ಅಲ್ಲಿನವರು ಅಬ್ಬನ್ನಿಯಾತ ಎನ್ನುತ್ತಾರೆ. ಬಣ್ಣದ ಚಪ್ಪರಗಳ ಕೆಳಗೆ ಮಂಜುಗಡ್ಡೆಯ ಮೇಲೆ ಕತ್ತಿಮೀನಿನ ತಲೆಯನ್ನು ನೆಟ್ಟಗೆ ನಿಲ್ಲಿಸಿದ್ದಾರೆ, ಅದರ ಮೂತಿಯ ಕತ್ತಿ ಆಕಾಶಕ್ಕೆ ಮುಖ ಮಾಡಿದೆ. ಪಕ್ಕದಲ್ಲಿ ಹಸಿರು ಆಲಿವ್ ಕಾಯಿಗಳ ರಾಶಿ, ಪಾಂತೆಲ್ಲೇರಿಯಾ ದ್ವೀಪದಿಂದ ಬಂದ ಉಪ್ಪು ಬೆರೆಸಿದ ಕೇಪರ್ ಮೊಗ್ಗು, ಬಿಸಿಲಿಗೆ ಸುಕ್ಕಾದ ಟೊಮೆಟೊ. ಎಲ್ಲದರ ಮೇಲೆ ಕಾರ್ಮಿನೆ ಚರ್ಚಿನ ಬಣ್ಣಬಣ್ಣದ ಹೆಂಚಿನ ಗುಮ್ಮಟ.

ಬೇಸಿಗೆಯಲ್ಲಿ ಹೋದರೆ ಕನ್ನಡದ ಕಣ್ಣು ಒಂದು ಸೊಪ್ಪಿನ ಹೊರೆಯ ಮುಂದೆ ತಾನಾಗಿ ನಿಲ್ಲುತ್ತದೆ. ತೆನೆರೂಮಿ ಎಂದು ಅದರ ಹೆಸರು. ಕೈಗೆತ್ತಿಕೊಂಡು ನೋಡಿದರೆ ಸೋರೆ ಬಳ್ಳಿಯ ಎಳೆ ಕುಡಿ, ಎಲೆ! ತಿಳಿಹಸಿರಿನ ಉದ್ದುದ್ದ ಸೋರೆಕಾಯಿಗಳು ಅಲ್ಲೇ ಮಲಗಿವೆ. ಕಾಯಿ ಬೇರೆ ಅಡುಗೆಗೆ. ಕುಡಿಯನ್ನು ಬೆಳ್ಳುಳ್ಳಿ, ಟೊಮೆಟೊ ಜೊತೆ ಬೇಯಿಸಿ, ಸ್ಪಗೆತ್ತಿಯನ್ನು ಚೂರು ಚೂರಾಗಿ ಮುರಿದು ಹಾಕಿ, ತೆಳ್ಳಗೆ ಸಾರಿನಂತೆ ಮಾಡಿ ಉಣ್ಣುತ್ತಾರೆ. ಉತ್ತರದ ಬೊಲೋನ್ಯದವರು ಮೊಟ್ಟೆ ಹಾಕಿ ಕಲಸಿದ ಹಿಟ್ಟು, ಬೆಣ್ಣೆ, ಹಂದಿಮಾಂಸವನ್ನು ನೆಚ್ಚಿಕೊಂಡರೆ ಪಲೆರ್ಮೊದವರದು ಆಲಿವ್ ಎಣ್ಣೆ, ಗಟ್ಟಿ ಗೋಧಿ, ಬದನೆ, ಸಣ್ಣ ಮೀನು. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಅದರ ಒಲೆಗಳು ಇಂದಿಗೂ ಊರೂರಿಗೆ ಬೇರೆ. ಇಟಲಿಯ ಊಟ ಬೇಕೆಂದರೆ ಯಾವ ಊರಿನದು ಎಂದು ಮೊದಲು ಕೇಳಬೇಕು.

ಈ ಊರಿನ ಊಟ ಶುರುವಾಗುವುದು ಬೀದಿಯಲ್ಲಿ, ನಿಂತುಕೊಂಡು. ಮೊದಲ ತುತ್ತು ಪನೆಲ್ಲೆ. ಕಡಲೆಹಿಟ್ಟನ್ನು ನೀರು, ಉಪ್ಪು ಹಾಕಿ ಕಲಸಿ ಒಲೆಯ ಮೇಲೆ ಬಿಡದೆ ತಿರುವುತ್ತಾರೆ. ಗಂಟಾಗದಂತೆ ಕೈ ಆಡುತ್ತಲೇ ಇರಬೇಕು. ಗಟ್ಟಿಯಾದ ಮೇಲೆ ಪಾರ್ಸ್ಲಿ ಸೊಪ್ಪು ಸೇರಿಸಿ, ತೆಳ್ಳಗೆ ಸವರಿ ಆರಲು ಬಿಡುತ್ತಾರೆ. ಆರಿದ್ದನ್ನು ಕತ್ತರಿಸಿ ಕಾದ ಎಣ್ಣೆಗೆ ಬಿಟ್ಟರೆ ಅಂಚು ಗರಿಗರಿ, ನಡು ಮೆತ್ತಗೆ. ಎಳ್ಳು ಮೆತ್ತಿದ ಬ್ರೆಡ್ಡನ್ನು ಸೀಳಿ ನಾಲ್ಕಾರು ಪನೆಲ್ಲೆ ಜೋಡಿಸಿ, ನಿಂಬೆಹಣ್ಣು ಹಿಂಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಶಾಲೆಗೆ ಹೋಗುವ ಮಗುವೂ ಕಟ್ಟಡದ ಕೆಲಸಗಾರನೂ ವಕೀಲನೂ ಒಂದೇ ಬಾಣಲೆಯ ಮುಂದೆ ಕಾಯುತ್ತಾರೆ. ಮಾಂಸ ಮುಟ್ಟದವರಿಗೆ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಧ್ವನಿವರ್ಧಕದ ಸದ್ದು. ನಮ್ಮ ಊರುಗಳಲ್ಲಿ ಸಿಮೆಂಟು, ತರಕಾರಿ ಹೊರುವ ಅದೇ ಆಪೆ ಮೂರುಚಕ್ರದ ಗಾಡಿ ಇಲ್ಲಿ ಸ್ಫಿಂಚೋನೆ ಹೊತ್ತು ಬರುತ್ತದೆ. ದಪ್ಪನೆಯ, ಒತ್ತಿದರೆ ಸ್ಪಂಜಿನಂತೆ ಮತ್ತೆ ಏಳುವ ರೊಟ್ಟಿ; ಮೇಲೆ ಹೊತ್ತು ಹಿಡಿದು ಬೇಯಿಸಿದ ಈರುಳ್ಳಿ, ಟೊಮೆಟೊ, ಒಂದಿಷ್ಟು ಆಂಚೊವಿ ಮೀನು, ಕಾಚೊಕವಾಲ್ಲೊ ಚೀಸು, ಓರೆಗಾನೊ, ಉದುರುದುರಾದ ಬ್ರೆಡ್ಡಿನ ಪುಡಿ. ಪಿಜ್ಜಾ ಎಂದರೆ ನೇಪಲ್ಸ್ ಎಂದು ಜಗತ್ತು ತಿಳಿದಿದೆ. ಪಲೆರ್ಮೊದ ಮನೆಗಳು ಕ್ರಿಸ್‌ಮಸ್ಸಿನ ಹಿಂದಿನ ದಿನಗಳಲ್ಲಿ ಸ್ಫಿಂಚೋನೆಯನ್ನೇ ಬಯಸುತ್ತವೆ.

ಮಧ್ಯಾಹ್ನದ ಹಸಿವಿಗೆ ಅರಂಚಿನಾ. ಕೇಸರಿ ಹಾಕಿ ಬೇಯಿಸಿದ ಅನ್ನವನ್ನು ಆರಿಸಿ, ಅಂಗೈಯಲ್ಲಿ ಬಟ್ಟಲಿನಂತೆ ತಟ್ಟಿ, ಒಳಗೆ ಕೊಚ್ಚಿದ ಮಾಂಸ, ಬಟಾಣಿಯ ಗಟ್ಟಿ ಹೂರಣ ಇಟ್ಟು ಮುಚ್ಚಿ ಉಂಡೆ ಕಟ್ಟುತ್ತಾರೆ. ಹಿಟ್ಟಿನ ನೀರಿನಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದಾಗ ಪುಟ್ಟ ಕಿತ್ತಳೆಯ ಬಣ್ಣ ಬರುತ್ತದೆ. ದ್ವೀಪದ ಆಚೆ ತುದಿಯ ಕತಾನಿಯಾದಲ್ಲಿ ಇದಕ್ಕೆ ಎಟ್ನಾ ಬೆಟ್ಟದಂಥ ಮೊನಚು ಆಕಾರ, ಹೆಸರೂ ಅರಂಚಿನೊ. ಪಲೆರ್ಮೊದಲ್ಲಿ ಡಿಸೆಂಬರ್ 13, ಸಂತ ಲೂಚಿಯಾಳ ಹಬ್ಬ, ಅರಂಚಿನಾದ ದಿನ. ಅಂದು ಊರಿನವರು ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. 1646ರ ಬರಗಾಲದಲ್ಲಿ ಜನ ಸಂತ ಲೂಚಿಯಾಳಿಗೆ ಮೊರೆಯಿಟ್ಟಾಗ ಗೋಧಿ ತುಂಬಿದ ಹಡಗು ದಡ ಸೇರಿತಂತೆ. ಹಸಿದವರಿಗೆ ಬೀಸುವಷ್ಟು ತಾಳ್ಮೆ ಎಲ್ಲಿತ್ತು, ಕಾಳನ್ನೇ ಬೇಯಿಸಿ ತಿಂದರಂತೆ. ಅದರ ನೆನಪಿಗೆ ಇಂದಿಗೂ ಬೇಯಿಸಿದ ಇಡೀ ಗೋಧಿಗೆ ಹಾಲೊಡಕಿನ ಕೆನೆಗಟ್ಟಾದ ರಿಕೊತ್ತಾ ಬೆರೆಸಿ ಕುಚ್ಚೀಯಾ ಎಂಬ ಸಿಹಿ ಮಾಡುತ್ತಾರೆ. ಬರ ಹೋಗಿ ಶತಮಾನಗಳಾದರೂ ಆ ದಿನ ಬ್ರೆಡ್ಡು, ಪಾಸ್ತಾ ಬದಿಗಿಡುವ ಊರನ್ನು ನಾನು ಗೌರವದಿಂದ ನೋಡುತ್ತೇನೆ.

ಗಟ್ಟಿ ಎದೆಯವರಿಗೆ ಇನ್ನೊಂದು ಬಾಣಲೆ ಕಾದಿದೆ: ಪಾನಿ ಕಾ ಮೆವುಸಾ. ಕರುವಿನ ಗುಲ್ಮ ಮತ್ತು ಶ್ವಾಸಕೋಶವನ್ನು ಬೇಯಿಸಿ, ತೆಳುವಾಗಿ ಹೆಚ್ಚಿ, ಹಂದಿಕೊಬ್ಬಿನಲ್ಲಿ ಬಾಡಿಸಿ ಬನ್ನಿಗೆ ತುಂಬುತ್ತಾರೆ. ಬರೀ ನಿಂಬೆರಸ ಹಿಂಡಿದರೆ ಅದು ‘ಮದುವೆಯಾಗದ್ದು’, ರಿಕೊತ್ತಾ, ಕಾಚೊಕವಾಲ್ಲೊ ಸೇರಿಸಿದರೆ ‘ಮದುವೆಯಾದದ್ದು’. 1834ರಿಂದ ನಡೆದು ಬಂದ ಆಂತಿಕಾ ಫೊಕಚ್ಚೇರಿಯಾ ಸಾನ್ ಫ್ರಾಂಚೆಸ್ಕೊ ಎಂಬ ಅಂಗಡಿಯಲ್ಲಿ ಇಂದಿಗೂ ಇದೇ ಹೆಸರುವಾಸಿ. ಇದರ ಹಿಂದಿನ ಕತೆಯನ್ನು ಊರಿನವರು ಹೀಗೆ ಹೇಳುತ್ತಾರೆ: ಮಧ್ಯಯುಗದ ಯಹೂದಿ ಕಟುಕರು ಧರ್ಮದ ಕಟ್ಟಳೆಯಂತೆ ಕೊಯ್ದ ಕೆಲಸಕ್ಕೆ ಹಣ ಮುಟ್ಟುತ್ತಿರಲಿಲ್ಲ, ಕೂಲಿಯಾಗಿ ಒಳಗಿನ ಭಾಗಗಳನ್ನು ಪಡೆದು, ಬೇಯಿಸಿ ಮಾರುತ್ತಿದ್ದರು. ಸಿಸಿಲಿ ಆಗ ಸ್ಪೇನಿನ ದೊರೆಯ ಕೈಯಲ್ಲಿತ್ತು. 1492ರ ಆಜ್ಞೆ ಯಹೂದಿಗಳನ್ನು ಇಲ್ಲಿಂದಲೂ ಹೊರಗಟ್ಟಿತು. ಅಡುಗೆ ಮಾಡಿದವರು ಹೋದರು, ಅಡುಗೆ ಉಳಿಯಿತು.

ಬಂದವರೂ ಹೋದವರೂ ಹೀಗೆ ಏನನ್ನಾದರೂ ಒಲೆಯ ಮೇಲೆ ಬಿಟ್ಟೇ ಹೋಗಿದ್ದಾರೆ. 831ರಲ್ಲಿ ಪಲೆರ್ಮೊ ಅರಬರ ವಶವಾಯಿತು. ಅವರ ಕಾಲದಲ್ಲಿ ನಿಂಬೆ, ಕಬ್ಬು ಇಲ್ಲಿ ಬೇರೂರಿದವು. ಏಷ್ಯಾದಿಂದ ಹೊರಟ ಬದನೆಯೂ ಅರಬರ ಕೈ ಹಿಡಿದೇ ಈ ಕಡಲಿನತ್ತ ಬಂತು. ಆಮೇಲೆ ನಾರ್ಮನ್ನರು ಗೆದ್ದರು, ಆದರೆ ಅರಬ್ ವಿದ್ವಾಂಸರನ್ನು ಆಸ್ಥಾನದಲ್ಲಿ ಇಟ್ಟುಕೊಂಡರು. ಎರಡನೆಯ ರೋಜರ್ ದೊರೆಗಾಗಿ 1154ರಲ್ಲಿ ಭೂಗೋಳದ ಹೊತ್ತಗೆ ಮುಗಿಸಿದ ಅಲ್-ಇದ್ರೀಸಿ, ಪಲೆರ್ಮೊ ಬಳಿಯ ತ್ರಾಬಿಯಾ ಎಂಬಲ್ಲಿ ಹಿಟ್ಟಿನ ಎಳೆಗಳನ್ನು ಹೇರಳವಾಗಿ ಮಾಡಿ ಹಡಗಿನಲ್ಲಿ ಹೊರನಾಡಿಗೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎನ್ನುವ ಕತೆಗೆ ಇಲ್ಲಿ ನೆಲೆಯಿಲ್ಲ. ಅವನು ಹುಟ್ಟುವುದಕ್ಕೂ ನೂರು ವರ್ಷ ಮೊದಲೇ ಈ ತೀರದಲ್ಲಿ ಅದು ವ್ಯಾಪಾರದ ಸರಕು.

ಸಂಜೆ ಎಂಟು ಗಂಟೆ. ಈಗ ಕೂತು ಉಣ್ಣುವ ಹೊತ್ತು. ಸಂತೆಯ ಹಿಂದಿನ ಗಲ್ಲಿಯಲ್ಲಿ ಒಂದು ತ್ರಾತ್ತೊರಿಯಾ, ಮನೆಮಂದಿಯೇ ನಡೆಸುವ ಊಟದ ಹೋಟೆಲು. ಅಂದಿನ ಅಡುಗೆಯನ್ನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದಾರೆ. ಮೊದಲು ಬರುವುದು ಕಪೊನಾತಾ: ಕರಿದ ಬದನೆ, ಸೆಲೆರಿ ದಂಟು, ಈರುಳ್ಳಿ, ಆಲಿವ್, ಕೇಪರ್, ಟೊಮೆಟೊ, ಮೇಲೆ ವಿನೆಗರ್ ಮತ್ತು ಸಕ್ಕರೆ. ಬೆಲ್ಲ, ಹುಣಸೆ ಹದವಾಗಿ ಕೂಡಿದ ಗೊಜ್ಜು ಬಲ್ಲ ನಾಲಿಗೆಗೆ ಈ ಹುಳಿ-ಸಿಹಿ ಮೊದಲ ತುತ್ತಿಗೇ ಒಗ್ಗುತ್ತದೆ. ಇದನ್ನು ಬಿಸಿಯಾಗಿ ಬಡಿಸುವುದಿಲ್ಲ. ಒಂದು ರಾತ್ರಿ ಕಳೆದರೆ ರಸ ಇಳಿದು ಇನ್ನೂ ರುಚಿ.

ಅದರ ಹಿಂದೆಯೇ ಸಾರ್ದೆ ಆ ಬೆಕ್ಕಾಫೀಕೊ. ನಮ್ಮ ಕರಾವಳಿಯ ಬೂತಾಯಿಯ ದಾಯಾದಿ ಮೀನು ಇದು. ಮುಳ್ಳು ತೆಗೆದು, ಹಾಳೆಯಂತೆ ಬಿಡಿಸಿ, ಬ್ರೆಡ್ಡಿನ ಪುಡಿ, ಒಣದ್ರಾಕ್ಷಿ, ಪೈನ್ ಬೀಜ ತುಂಬಿ ಸುರುಳಿ ಸುತ್ತುತ್ತಾರೆ. ಬಾಲ ಮೇಲಕ್ಕೆ ನಿಲ್ಲಬೇಕು. ಸಿರಿವಂತರ ಮನೆಗಳಲ್ಲಿ ಅಂಜೂರ ತಿಂದು ಕೊಬ್ಬಿದ ಬೆಕ್ಕಾಫೀಕೊ ಎಂಬ ಪುಟ್ಟ ಹಕ್ಕಿಗಳನ್ನು ಬೇಯಿಸಿ ಬಡಿಸುತ್ತಿದ್ದರಂತೆ. ಹಕ್ಕಿ ಕೊಳ್ಳಲಾಗದ ಮನೆಯವರು ಅಗ್ಗದ ಮೀನನ್ನೇ ಬಾಲವೆತ್ತಿದ ಹಕ್ಕಿಯಾಗಿ ಸುತ್ತಿದರು.

ಆಮೇಲೆ ಈ ಊರಿನ ಹೆಮ್ಮೆ, ಪಾಸ್ತಾ ಕೊನ್ ಲೆ ಸಾರ್ದೆ. ಬೆಟ್ಟದಲ್ಲಿ ತಾನಾಗಿ ಬೆಳೆಯುವ ಕಾಡು ಸೋಂಪಿನ ಸೊಪ್ಪನ್ನು ಮೊದಲು ಬೇಯಿಸಿ, ಆ ಹಸಿರು ನೀರಿನಲ್ಲೇ ಟೊಳ್ಳು ಎಳೆಯ ಪಾಸ್ತಾ ಬೇಯಿಸುತ್ತಾರೆ. ಈರುಳ್ಳಿ, ಮೀನು, ಕೇಸರಿ, ಒಣದ್ರಾಕ್ಷಿ, ಪೈನ್ ಬೀಜ ಅದರೊಂದಿಗೆ ಕೂಡುತ್ತವೆ. ತಟ್ಟೆಗೆ ಬಂದ ಮೇಲೆ ಯಾರೂ ಚೀಸು ಕೇಳುವುದಿಲ್ಲ. ಹುರಿದ ಬ್ರೆಡ್ಡಿನ ಪುಡಿಯನ್ನು ಧಾರಾಳವಾಗಿ ಉದುರಿಸುತ್ತಾರೆ. ಚೀಸು ದುಬಾರಿಯಾದ ಮನೆಗಳಲ್ಲಿ ಅದೇ ಚೀಸು. ಮೀನೂ ಇಲ್ಲದ ದಿನಕ್ಕೆ ಇನ್ನೊಂದು ಅಡುಗೆಯಿದೆ: ಉಳಿದದ್ದೆಲ್ಲ ಹಾಕಿ, ಮೀನು ಮಾತ್ರ ಬಿಟ್ಟು, ಅದನ್ನು ‘ಮೀನು ಇನ್ನೂ ಕಡಲಲ್ಲಿರುವ ಪಾಸ್ತಾ’ ಎಂದು ಕರೆಯುತ್ತಾರೆ.

ಕೊನೆಗೆ ಕನ್ನೋಲಿ. ಕರಿದ ಗರಿಗರಿ ಕೊಳವೆಗೆ ಕುರಿಹಾಲಿನ ರಿಕೊತ್ತಾವನ್ನು ಕೇಳಿದ ಮೇಲೆಯೇ ತುಂಬಬೇಕು. ಮೊದಲೇ ತುಂಬಿಟ್ಟರೆ ಕೊಳವೆ ಮೆತ್ತಗಾಗುತ್ತದೆ. ಚೀಸು ಮಾಡಿ ಮಿಕ್ಕ ಹಾಲೊಡಕನ್ನು ಚೆಲ್ಲದೆ ಮತ್ತೆ ಕಾಯಿಸಿದಾಗ ಮೇಲೆ ತೇಲುವ ಬಿಳಿಯ ಕೆನೆಗಟ್ಟೇ ಈ ರಿಕೊತ್ತಾ. ಬೇಸಿಗೆಯಾದರೆ ಕಲ್ಲಂಗಡಿಯ ರಸವನ್ನು ಪಿಷ್ಟ ಹಾಕಿ ಗಟ್ಟಿಸಿ, ಮಲ್ಲಿಗೆಯ ಘಮ ಸೇರಿಸಿದ ಜೇಲೊ ಸಿಗುತ್ತದೆ.

ಹಾಲೊಡಕು, ಕೂಲಿಯಾಗಿ ಬಂದ ಗುಲ್ಮ, ಸೋರೆಯ ಕುಡಿ, ಒಣಗಿದ ಬ್ರೆಡ್ಡು, ಅಗ್ಗದ ಮೀನು: ಈ ಊರಿನ ದೊಡ್ಡ ಅಡುಗೆಗಳಲ್ಲಿ ಹಲವು ಹುಟ್ಟಿದ್ದು ಬೇರೆಯವರು ಬಿಟ್ಟದ್ದರಿಂದ. ಇಲ್ಲವೆಂದು ಕೈಚೆಲ್ಲದೆ ಇದ್ದದ್ದರಲ್ಲೇ ಹಬ್ಬ ಮಾಡಿದ, ಹೆಸರು ಉಳಿಯದ ಹೆಂಗಸರು, ಮೀನುಗಾರರು, ಕಟುಕರು ಇದನ್ನು ಕಟ್ಟಿದರು. ಇಂದು ಮೇಜಿನ ಮೇಲೆ ಬೆಳ್ಳಿಯ ಚಮಚದ ಪಕ್ಕ ಬರುವ ತಟ್ಟೆಯಲ್ಲೂ ಅದೇ ಮೀನು, ಅದೇ ಪುಡಿ ಇವೆ. ಅದಕ್ಕೇ ಪಲೆರ್ಮೊಗೆ ಹೋಗುವವರಿಗೆ ನನ್ನದು ಒಂದೇ ಮಾತು: ಹೋಟೆಲಿನ ಬಾಗಿಲು ತಟ್ಟುವ ಮೊದಲು ಸಂತೆಯಲ್ಲಿ ನಿಂತು ತಿನ್ನಿ. ಪನೆಲ್ಲೆಯ ಬಾಣಲೆ, ಸ್ಫಿಂಚೋನೆಯ ಗಾಡಿ ನೋಡಿ ಬಂದವರಿಗೆ, ಪಾಸ್ತಾದ ಮೇಲೆ ಉದುರಿದ ಒಂದು ಹಿಡಿ ಬ್ರೆಡ್ಡಿನ ಪುಡಿ ಯಾಕೆ ಅಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.