‘ಮೊನೊರೈಲ್’ನಲ್ಲಿ ಪದಭಾಗ ಎರಡು, ಉಚ್ಚಾರಾಂಶ ಮೂರು: ಉದ್ದನೆಯ ಇಂಗ್ಲಿಷ್ ಪದ ಬಿಡಿಸುವುದು ಹೇಗೆ?

ಮುಂಬೈ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಚೆಂಬೂರಿನ ಎಷ್ಟೋ ಕನ್ನಡ ಕುಟುಂಬಗಳ ಮಕ್ಕಳ ದಿನಚರಿ ಇದು. ಪಠ್ಯದಲ್ಲಿ ಉದ್ದನೆಯ ಇಂಗ್ಲಿಷ್ ಪದ ಬಂದರೆ ಮಗು ತಡವರಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಪ್ಪ-ಅಮ್ಮ ಟ್ಯೂಷನ್ ಹುಡುಕುತ್ತಾರೆ. ಆದರೆ ಪದ ಬಿಡಿಸುವುದನ್ನು ಮನೆಯಲ್ಲೇ ಕಲಿಸಬಹುದು. ಅದಕ್ಕೆ ಬೇಕಾದ ಉದಾಹರಣೆಗಳು ಊರಿನ ರಸ್ತೆಯಲ್ಲೇ ಇವೆ.

ಮೊದಲು ಪದಭಾಗ

ಚೆಂಬೂರು-ವಡಾಲಾ ನಡುವೆ 2014ರ ಫೆಬ್ರವರಿಯಲ್ಲಿ ಮೊನೊರೈಲ್ ಸಂಚಾರ ಶುರುವಾಯಿತು. ಈ ಪದದಲ್ಲಿ ‘ಮೊನೊ’ ಎಂದರೆ ಒಂದು, ‘ರೈಲ್’ ಎಂದರೆ ಹಳಿ. ಹೀಗೆ ಅರ್ಥದ ಪ್ರಕಾರ ಒಡೆದರೆ ಸಿಗುವುದು ಪದಭಾಗ. ನಮ್ಮ ಸಮಾಸ ಬಿಡಿಸಿದಂತೆಯೇ ಇದು. ಆದರೆ ಕನ್ನಡದಲ್ಲಿ ‘ಹಿರಿದು’ ಮತ್ತು ‘ಬಾಗಿಲು’ ಸೇರಿ ‘ಹೆಬ್ಬಾಗಿಲು’ ಎಂದು ರೂಪವೇ ಬದಲಾಗುತ್ತದೆ. ಇಂಗ್ಲಿಷ್ ಜೋಡುಪದಗಳಲ್ಲಿ ಸಾಮಾನ್ಯವಾಗಿ ಎರಡೂ ಪದಗಳ ಸ್ಪೆಲ್ಲಿಂಗ್ ಹಾಗೇ ಉಳಿಯುತ್ತದೆ. ಹಾಗಾಗಿ ಬಿಡಿಸುವುದು ಸುಲಭ.

ಆಮೇಲೆ ಉಚ್ಚಾರಾಂಶ

ಒಂದೇ ಉಸಿರಿನ ತುಂಡಾಗಿ ನುಡಿಯುವ ಭಾಗವೇ ಉಚ್ಚಾರಾಂಶ. ಮೊ-ನೊ-ರೈಲ್ ಎಂದರೆ ಮೂರು. ‘ಫ್ರೀವೇ’ಯಲ್ಲಿ ಎರಡು, ‘ಫ್ಲೈಓವರ್’ನಲ್ಲಿ ಫ್ಲೈ-ಓ-ವರ್ ಎಂದು ಮೂರು. ಎಣಿಸಬೇಕಾದದ್ದು ಸ್ವರದ ಅಕ್ಷರಗಳನ್ನಲ್ಲ, ಕಿವಿಗೆ ಕೇಳುವ ಸ್ವರಗಳನ್ನು.

ಕನ್ನಡಿಗರು ಎಡವುವುದು ಇಲ್ಲೇ. ನಾವು ಪದದ ಕೊನೆಗೆ ‘ಉ’ ಸೇರಿಸುತ್ತೇವೆ. ಮರಾಠಿಯವರ ‘ಚೆಂ-ಬೂರ್’ ನಮ್ಮ ಬಾಯಲ್ಲಿ ‘ಚೆಂ-ಬೂ-ರು’ ಆಗುತ್ತದೆ. ಎರಡಿದ್ದದ್ದು ಮೂರಾಯಿತು! ‘ರೈಲ್’ ಅನ್ನು ‘ರೈಲು’ ಎಂದು ಎಣಿಸಿದರೂ ಲೆಕ್ಕ ತಪ್ಪುತ್ತದೆ.

ತಪ್ಪಾಗಿ ಒಡೆದರೆ?

ಮಳೆಗಾಲದಲ್ಲಿ ಮುಂಬೈನವರ ಬಾಯಲ್ಲಿ ಸದಾ ಇರುವ ಪದ ‘ಪಾಟ್‌ಹೋಲ್’. ಇದರ ಸ್ಪೆಲ್ಲಿಂಗ್‌ನಲ್ಲಿ ‘ಟಿ’ ಮತ್ತು ‘ಎಚ್’ ಅಕ್ಕಪಕ್ಕ ಬರುತ್ತವೆ. ಅವನ್ನು ಒಟ್ಟಿಗೆ ಓದಿದ ಮಗು ‘ಪಾಥೋಲ್’ ಎನ್ನುತ್ತದೆ. ‘ಪಾಟ್’, ‘ಹೋಲ್’ ಎಂದು ಮೊದಲೇ ಬಿಡಿಸಿದರೆ ಈ ಗೊಂದಲವಿಲ್ಲ. ‘ಅಪ್‌ಹಿಲ್’ ಪದಕ್ಕೂ ಇದೇ ಸೂತ್ರ. ಅದಕ್ಕೇ ಮೊದಲು ಅರ್ಥ, ನಂತರ ಉಚ್ಚಾರ.

ಆದರೆ ಎಲ್ಲ ಪದಗಳೂ ಈ ಸೂತ್ರಕ್ಕೆ ಬಗ್ಗುವುದಿಲ್ಲ. ‘ಕಪ್’ ಮತ್ತು ‘ಬೋರ್ಡ್’ ಸೇರಿದ ಪದವನ್ನು ಇಂಗ್ಲಿಷರು ‘ಕಬರ್ಡ್’ ಎನ್ನುತ್ತಾರೆ. ಅಲ್ಲಿ ‘ಪಿ’ ಕೇಳಿಸುವುದೇ ಇಲ್ಲ. ಇಂಥವನ್ನು ನಿಘಂಟು ನೋಡಿಯೇ ಕಲಿಯಬೇಕು.

ಉಳಿದ ಪದಗಳಿಗೆ ಶಾಲೆಗೆ ಹೋಗುವ ದಾರಿಯೇ ಸಾಕು. ಬೋರ್ಡಿನಲ್ಲಿ ಉದ್ದನೆಯ ಪದ ಕಂಡಾಗ ‘ಇದರಲ್ಲಿ ಎಷ್ಟು ಪದ ಅಡಗಿವೆ?’ ಎಂದು ಮಗುವನ್ನು ಕೇಳಿ. ಈ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬಹುದು.